ಹತ್ತು ದಿನದ ಅಕ್ಕರೆ

ಬೇಸಿಗೆಯ ರಜೆ ಬಂತೆಂದರೆ ಅಮೆರಿಕದ ವಿಮಾನ ನಿಲ್ದಾಣಗಳಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಹುಡುಗ ಹುಡುಗಿಯರ ಗುಂಪುಗಳು ಕಾಣಿಸಿಕೊಳ್ಳುತ್ತವೆ. ಅಂಗಿಯ ಮೇಲೆ ತಮ್ಮ ಚರ್ಚಿನ ಹೆಸರು, ಹೋಗುವ ದೇಶದ ಹೆಸರು. ಜೊತೆಗೆ ಒಬ್ಬ ಪಾದ್ರಿ, ಇಬ್ಬರೋ ಮೂವರೋ ಹಿರಿಯರು. ಪೆಟ್ಟಿಗೆಗಳಲ್ಲಿ ಬಣ್ಣದ ಪೆನ್ಸಿಲು, ಬಲೂನು, ಹಲ್ಲುಜ್ಜುವ ಬ್ರಷ್ಷು, ಮಕ್ಕಳ ಬಟ್ಟೆ, ಬೈಬಲಿನ ಚಿತ್ರಪುಸ್ತಕ. ಹೈತಿಗೋ ಹೊಂಡುರಾಸಿಗೋ ಯುಗಾಂಡಕ್ಕೋ ಕಾಂಬೋಡಿಯಕ್ಕೋ ಹೋಗಿ, ಹತ್ತು ಹದಿನೈದು ದಿನ ಇದ್ದು, ಅಲ್ಲಿಯ ಬಡ ಮಕ್ಕಳ ಸೇವೆ ಮಾಡಿ ಬರುವುದು ಅವರ ಸಂಕಲ್ಪ. ಅಲ್ಪಾವಧಿಯ ಮಿಷನ್ ಯಾತ್ರೆ ಎಂದು ಇದಕ್ಕೆ ಹೆಸರು. ಈ ಶತಮಾನದ ಮೊದಲ ದಶಕದಲ್ಲಿ ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್ನೌ ಮಾಡಿದ ಅಂದಾಜಿನಂತೆ, ಅಮೆರಿಕ ದೇಶವೊಂದರಿಂದಲೇ ವರ್ಷಕ್ಕೆ ಸುಮಾರು 16 ಲಕ್ಷ ಕ್ರೈಸ್ತರು ಇಂಥ ಯಾತ್ರೆಗೆಂದು ಹೊರದೇಶಗಳಿಗೆ ಹೋಗುತ್ತಿದ್ದರು. ಒಂದು ದೊಡ್ಡ ಪಟ್ಟಣದ ಜನವೆಲ್ಲ ಮನೆಗೆ ಬೀಗ ಹಾಕಿ ಹೊರಟಷ್ಟು ಸಂಖ್ಯೆ ಅದು.

ಇವರನ್ನು ಮೂದಲಿಸುವುದು ಸುಲಭ. ಮೂದಲಿಸಿದವರೂ ಬಹಳ ಮಂದಿ ಇದ್ದಾರೆ. ಪ್ರವಾಸದ ಚಪಲಕ್ಕೆ ಪರೋಪಕಾರದ ಹೊದಿಕೆ ಎಂದವರುಂಟು. ಮತಾಂತರಕ್ಕೆ ಮಿಠಾಯಿಯ ಬಲೆ ಎಂದವರೂ ಉಂಟು. ಮತಾಂತರದ ಪ್ರಶ್ನೆ ದೊಡ್ಡದು, ಬೇರೆಯದು. ಅದನ್ನು ಎತ್ತಿದೊಡನೆ ಇನ್ನಾವ ಮಾತೂ ಯಾರ ಕಿವಿಗೂ ಬೀಳುವುದಿಲ್ಲವಾದ್ದರಿಂದ ಇಲ್ಲಿ ಬದಿಗಿಡುತ್ತೇನೆ. ಇನ್ನು ಚಪಲದ ಮಾತು. ಹದಿನೆಂಟು ವರ್ಷದ ಹುಡುಗಿಯೊಬ್ಬಳು ನೆರೆಯವರ ಕಾರು ತೊಳೆದು, ಕೇಕು ಮಾಡಿ ಮಾರಿ, ನೆಂಟರಿಗೆಲ್ಲ ಕಾಗದ ಬರೆದು ಹಣ ಕೂಡಿಸುತ್ತಾಳೆ. ಗೆಳತಿಯರು ಸಮುದ್ರತೀರಕ್ಕೆ ಹೋದರೆ ಇವಳು ಕಂಡರಿಯದ ಊರಿನಲ್ಲಿ ನೆಲದ ಮೇಲೆ ಮಲಗಿ, ಸೊಳ್ಳೆಗೆ ಮೈಕೊಟ್ಟು, ಗೋಡೆಗೆ ಸುಣ್ಣ ಬಳಿದು ಬರುತ್ತಾಳೆ. ಇದನ್ನೆಲ್ಲ ಚಪಲವೆಂದು ತಳ್ಳಿಹಾಕುವುದು ನ್ಯಾಯವಾಗದು. ಅವಳಲ್ಲಿ ಒಳ್ಳೆಯತನವಿದೆ ಎಂದು ಒಪ್ಪಿಕೊಂಡೇ ಮಾತು ಮುಂದುವರಿಯಬೇಕು. ಕೆಟ್ಟ ಮನಸ್ಸಿನಿಂದಾದ ಕೇಡನ್ನು ವಿಚಾರಿಸಿಕೊಳ್ಳಲು ಪೊಲೀಸರಿದ್ದಾರೆ, ನ್ಯಾಯಾಲಯಗಳಿವೆ. ಒಳ್ಳೆಯ ಮನಸ್ಸು ಬೇರೊಬ್ಬರ ಮಗುವಿನ ಬಾಳಿನೊಳಕ್ಕೆ ಹತ್ತು ದಿನದ ಮಟ್ಟಿಗೆ ಕಾಲಿಟ್ಟಾಗ ಏನಾಗುತ್ತದೆ ಎಂಬುದನ್ನು ಯೋಚಿಸುವ ಕೆಲಸ ಮಾತ್ರ ನಮ್ಮ ನಿಮ್ಮಂಥವರ ಪಾಲಿಗೆ ಉಳಿಯುತ್ತದೆ.

ಯಾತ್ರೆ ಮುಗಿಸಿ ಬಂದವರು ಹೇಳುವ ವೃತ್ತಾಂತಗಳಲ್ಲಿ ಒಂದು ಪ್ರಸಂಗ ತಪ್ಪದೆ ಬರುತ್ತದೆ. ಅನಾಥಾಲಯದ ಅಂಗಳದಲ್ಲಿ ಬಸ್ಸು ನಿಲ್ಲುತ್ತದೆ. ಬಾಗಿಲು ತೆರೆಯುವ ಮೊದಲೇ ಮಕ್ಕಳು ಓಡಿಬರುತ್ತಾರೆ. ಒಬ್ಬ ಕಾಲನ್ನು ತಬ್ಬುತ್ತಾನೆ, ಒಬ್ಬಳು ಕೈಗೆ ಜೋತುಬೀಳುತ್ತಾಳೆ. ಮೂರು ವರ್ಷದ್ದೊಂದು ಎತ್ತಿಕೋ ಎಂದು ಎರಡು ಕೈಯನ್ನೂ ಮೇಲಕ್ಕೆ ಚಾಚುತ್ತದೆ. ಹೆಸರು ತಿಳಿಯದು, ಭಾಷೆ ತಿಳಿಯದು, ಮುಖ ಕಂಡದ್ದು ಆಗತಾನೆ. ಆದರೂ ಎಂಥ ಪ್ರೀತಿ! ಬಂದವಳ ಕಣ್ಣಿನಲ್ಲಿ ನೀರು ತುಂಬುತ್ತದೆ. ತನ್ನ ದೇಶದಲ್ಲಿ ಯಾರೂ ತನ್ನನ್ನು ಹೀಗೆ ಬರಮಾಡಿಕೊಂಡಿರಲಿಲ್ಲ ಎಂದು ಅನಿಸುತ್ತದೆ. ಹತ್ತನೆಯ ದಿನ ಅದೇ ಅಂಗಳದಲ್ಲಿ ಬೀಳ್ಕೊಡುಗೆ; ಎರಡು ಕಡೆಯೂ ಅಳು. ನಾನು ಕೊಟ್ಟದ್ದಕ್ಕಿಂತ ಆ ಮಕ್ಕಳು ನನಗೆ ಕೊಟ್ಟದ್ದೇ ಹೆಚ್ಚು ಎಂದು ಅವಳು ಊರಿಗೆ ಬಂದು ಹೇಳುತ್ತಾಳೆ. ಅವಳು ನಿಜವನ್ನೇ ಹೇಳುತ್ತಿದ್ದಾಳೆ. ತಾನು ಅಂದುಕೊಂಡದ್ದಕ್ಕಿಂತ ಹೆಚ್ಚು ನಿಜ ಆ ಮಾತಿನಲ್ಲಿದೆ.

ನಮ್ಮ ನಿಮ್ಮ ಮನೆಯ ಮಗುವನ್ನು ನೆನೆದುಕೊಳ್ಳಿ. ಎರಡು ಮೂರು ವರ್ಷದ ಕೂಸಿನ ಮುಂದೆ ಗುರುತಿಲ್ಲದವರು ಬಂದು ನಿಂತರೆ ಅದು ಏನು ಮಾಡುತ್ತದೆ? ತಾಯಿಯ ಸೆರಗಿನ ಮರೆಗೆ ಸರಿಯುತ್ತದೆ. ಅಲ್ಲಿಂದ ಇಣುಕಿ ನೋಡುತ್ತದೆ. ಬಂದವರು ಬಿಸ್ಕತ್ತು ಚಾಚಿದರೆ ಮೊದಲು ತಾಯಿಯ ಮುಖ ನೋಡುತ್ತದೆ. ಅಲ್ಲಿ ಒಪ್ಪಿಗೆ ಕಂಡರೆ ಮಾತ್ರ ಕೈ ಮುಂದೆ ಬರುತ್ತದೆ. ಬಂದವರಿಗೆ ಇದರಿಂದ ಸ್ವಲ್ಪ ಮುಖಭಂಗವಾಗುವುದುಂಟು; 'ಏನು, ನಿಮ್ಮ ಮಗು ಯಾರ ಹತ್ತಿರವೂ ಬರುವುದೇ ಇಲ್ಲವಲ್ಲ' ಎಂದು ನಗುತ್ತಾರೆ. ಆ ಸಂಕೋಚ ಮಗುವಿನ ಆರೋಗ್ಯದ ಲಕ್ಷಣ. ಇವರು ನನ್ನವರು, ಅವರು ಪರರು ಎಂಬ ಎಣಿಕೆ ಅದಕ್ಕೆ ಬಂದಿದೆ. ಏಕೆಂದರೆ ನನ್ನವರೆಂದು ಹೇಳಿಕೊಳ್ಳಲು ಅದಕ್ಕೆ ಜನರಿದ್ದಾರೆ.

ಜಾನ್ ಬೌಲ್ಬಿ ಎಂಬ ಇಂಗ್ಲೆಂಡಿನ ಮನೋವೈದ್ಯರು ವಿಶ್ವ ಆರೋಗ್ಯ ಸಂಸ್ಥೆಗೆಂದು 1951ರಲ್ಲಿ ಒಂದು ವರದಿ ಬರೆದರು. ಎಳೆಯ ಮಗುವಿಗೆ ಅನ್ನ ಬಟ್ಟೆಯಂತೆಯೇ ಬಿಟ್ಟುಹೋಗದ ಒಬ್ಬ ತಾಯಿ, ಇಲ್ಲವೇ ತಾಯಿಯ ಸ್ಥಾನದಲ್ಲಿ ನಿಲ್ಲುವ ಒಬ್ಬರು ಬೇಕು ಎಂಬುದು ಅದರ ಸಾರ. ಅರ್ಧ ಶತಮಾನ ಕಳೆದ ಮೇಲೆ, 2000ದಲ್ಲಿ, ರುಮೇನಿಯದ ರಾಜಧಾನಿ ಬುಖಾರೆಸ್ಟಿನಲ್ಲಿ ಅಮೆರಿಕದ ಮೂವರು ವಿಜ್ಞಾನಿಗಳ ಮುಂದಾಳುತನದಲ್ಲಿ ಇನ್ನೊಂದು ಅಭ್ಯಾಸ ಆರಂಭವಾಯಿತು. ಅಲ್ಲಿಯ ಸರ್ಕಾರಿ ಶಿಶುಗೃಹಗಳಲ್ಲಿದ್ದ 136 ಕೂಸುಗಳಲ್ಲಿ ಅರ್ಧದಷ್ಟನ್ನು ಸಾಕುಮನೆಗಳಿಗೆ ಕಳಿಸಿ, ಎಲ್ಲ ಮಕ್ಕಳೂ ಬೆಳೆಯುವ ಬಗೆಯನ್ನು ವರ್ಷಗಟ್ಟಲೆ ನೋಡಿದರು. ಮಕ್ಕಳಿಗೆ ನಾಲ್ಕೂವರೆ ವರ್ಷವಾದಾಗ ಮಾಡಿದ ಒಂದು ಪರೀಕ್ಷೆ ಬಹಳ ಸರಳವಾದದ್ದು. ಬಾಗಿಲು ತಟ್ಟಿದ ಸದ್ದಾಗುತ್ತದೆ. ಮಗುವೂ ಅದನ್ನು ನೋಡಿಕೊಳ್ಳುವವರೂ ಹೋಗಿ ತೆರೆದರೆ, ಹೊಸ್ತಿಲಲ್ಲಿ ಎಂದೂ ಕಾಣದ ಒಬ್ಬ ವ್ಯಕ್ತಿ. 'ಬಾ ನನ್ನ ಜೊತೆ, ನಿನಗೇನೋ ತೋರಿಸುತ್ತೇನೆ' ಎಂದು ಕರೆಯುತ್ತಾನೆ. ತಂದೆತಾಯಿಯರ ಬಳಿ ಬೆಳೆದ ಮಕ್ಕಳಲ್ಲಿ ಹೊಸ್ತಿಲು ದಾಟಿದವರು ತೀರ ಕೆಲವರು. ಶಿಶುಗೃಹದ ಮಕ್ಕಳಲ್ಲಿ ಬಹಳ ಮಂದಿ ಹಿಂದಿರುಗಿ ಕೂಡ ನೋಡದೆ ಹೊರಟುಬಿಟ್ಟರು. ಸಾಕುಮನೆಗೆ ಹೋಗಿದ್ದವರಲ್ಲಿ ಹೀಗೆ ಹೊರಟವರ ಸಂಖ್ಯೆ ಕಡಿಮೆಯಾಗಿತ್ತು.

ಬಸ್ಸಿನ ಬಾಗಿಲಿಗೆ ಓಡಿಬಂದ ಮಕ್ಕಳನ್ನು ಈಗ ಮತ್ತೆ ನೋಡಬೇಕು. ಬಂದವಳು ಯಾವುದನ್ನು ಉಕ್ಕಿಬಂದ ಪ್ರೀತಿ ಎಂದು ತಿಳಿದಳೋ ಅದು ಬಹುಮಟ್ಟಿಗೆ ಒಂದು ಗಾಯದ ಗುರುತು. ಯಾರನ್ನು ಬೇಕಾದರೂ ಅಪ್ಪುವ ಮಗು, ಯಾರೂ ಉಳಿಯುವುದಿಲ್ಲವೆಂದು ಕಲಿತ ಮಗು. ಸಿಕ್ಕಿದಾಗ ಸಿಕ್ಕಿದಷ್ಟು ಹಿಡಿದುಕೊಳ್ಳುವುದು ಅದಕ್ಕೆ ಬದುಕಿನ ಉಪಾಯ. ಒಂದು ಮನೆಗೆ ತಿಂಗಳಿಗೊಂದರಂತೆ ತಂಡ ಬರುತ್ತದೆಂದು ಊಹಿಸಿಕೊಳ್ಳಿ. ಐದು ವರ್ಷ ಅಲ್ಲಿದ್ದ ಮಗು ಅರವತ್ತು ಸಾರಿ ಅಕ್ಕರೆ ಮಾಡಿಸಿಕೊಂಡು ಅರವತ್ತು ಸಾರಿ ಕೈಬಿಡಲ್ಪಟ್ಟಿರುತ್ತದೆ. ಅರವತ್ತನೆಯ ತಂಡದ ಹುಡುಗಿಗೆ ಹಿಂದಿನ ಐವತ್ತೊಂಬತ್ತರ ಲೆಕ್ಕ ಗೊತ್ತಿರುವುದಿಲ್ಲ. ಅವಳ ಪಾಲಿಗೆ ಅದು ಮೊದಲನೆಯ ಭೇಟಿ. ಲೆಕ್ಕವೆಲ್ಲ ಮಗುವಿನ ಕಡೆಯೇ ಉಳಿಯುತ್ತದೆ.

ಇದಕ್ಕೆ ಒಂದು ಸಮಾಧಾನವನ್ನು ಹೇಳುವುದುಂಟು. ತಂದೆತಾಯಿ ಸತ್ತ ಮಕ್ಕಳಿಗೆ ಹತ್ತು ದಿನದ ಪ್ರೀತಿಯಾದರೂ ಸಿಕ್ಕಲಿ. ಏನೂ ಇಲ್ಲದ್ದಕ್ಕಿಂತ ಅಷ್ಟಾದರೂ ಮೇಲಲ್ಲವೇ? ಮಾತು ಬಲವಾಗಿದೆ, ಮತ್ತು ಅದನ್ನು ಆಡುವವರು ಹೃದಯವುಳ್ಳವರು. ಆದರೆ ಆ ಮಕ್ಕಳ ತಂದೆತಾಯಿ ಸತ್ತಿದ್ದಾರೆ ಎಂದು ಯಾರು ಹೇಳಿದರು?

ಕಾಂಬೋಡಿಯದ ವಿಷಯವನ್ನು ನೋಡೋಣ. ಪೋಲ್ ಪಾಟನ ಆಳ್ವಿಕೆಯಲ್ಲಿ ಆ ದೇಶ ಕಂಡ ಸಾವುನೋವು ಎಲ್ಲರಿಗೂ ತಿಳಿದದ್ದೇ. ಅಲ್ಲಿ ಅನಾಥಾಲಯಗಳಿವೆ ಎಂದರೆ ಯಾರಿಗೂ ಆಶ್ಚರ್ಯವಾಗದು. ಆದರೆ ಆ ಆಳ್ವಿಕೆ 1979ರಲ್ಲೇ ಕೊನೆಗೊಂಡಿತು. ಅಂದಿನ ಅನಾಥರು ಇಂದು ಅಜ್ಜ ಅಜ್ಜಿಯರಾಗಿದ್ದಾರೆ. ಹೀಗಿರುವಾಗ 2011ರಲ್ಲಿ ಅಲ್ಲಿಯ ಸರ್ಕಾರವೂ ಯೂನಿಸೆಫ್ ಸಂಸ್ಥೆಯೂ ಹೊರತಂದ ವರದಿ ಒಂದು ವಿಚಿತ್ರವನ್ನು ತೋರಿಸಿತು. 2005ರಲ್ಲಿ ದೇಶದಲ್ಲಿ ಮಕ್ಕಳನ್ನಿಟ್ಟುಕೊಳ್ಳುವ ಸಂಸ್ಥೆಗಳು 154; 2010ರ ಹೊತ್ತಿಗೆ 269. ಮಕ್ಕಳ ಸಂಖ್ಯೆ 6,254ರಿಂದ 11,945ಕ್ಕೆ ಏರಿತ್ತು. ಯುದ್ಧವಿಲ್ಲ, ದೇಶ ಹಿಂದಿಗಿಂತ ಸ್ವಲ್ಪ ಸುಖವಾಗಿಯೇ ಇದೆ. ಆದರೂ ಐದೇ ವರ್ಷದಲ್ಲಿ ಅನಾಥರು ಇಮ್ಮಡಿಯಾದರು! ಆ ಮಕ್ಕಳಲ್ಲಿ ನಾಲ್ವರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರೆಂಬುದೂ ಅದೇ ವರದಿಯಿಂದ ತಿಳಿಯಿತು.

ಇದರ ಒಳಗುಟ್ಟು ಕಷ್ಟದ್ದೇನಲ್ಲ. ಹಳ್ಳಿಯ ಬಡ ತಾಯಿಗೆ ನಾಲ್ಕು ಮಕ್ಕಳು. ಪಟ್ಟಣದಿಂದ ಬಂದವನೊಬ್ಬ, ನಮ್ಮಲ್ಲಿ ಬಿಡಿ, ಮೂರು ಹೊತ್ತು ಊಟ, ಇಂಗ್ಲಿಷ್ ವಿದ್ಯೆ, ಬಿಳಿಯರ ನೆರವು ಎಂದು ಹೇಳುತ್ತಾನೆ. ಮಗುವಿನ ಮೇಲಿನ ಪ್ರೀತಿಯಿಂದಲೇ ಅವಳು ಮಗುವನ್ನು ಕಳಿಸುತ್ತಾಳೆ. ಅಂಕೋರ್ ವಾಟಿನ ದೇವಾಲಯಗಳನ್ನು ನೋಡಲು ಜಗತ್ತೆಲ್ಲ ಬಂದು ಇಳಿಯುವ ಸಿಯೆಂ ರೀಪ್ ಪಟ್ಟಣದಲ್ಲಿ ಇಂಥ ಮನೆಗಳು ಎದ್ದವು. ಬಂದವರ ಮುಂದೆ ಮಕ್ಕಳು ಅಪ್ಸರೆಯರ ನೃತ್ಯ ಮಾಡಿದರು. ನೋಡಿದವರು ಕರಗಿ ಹಣ ಕೊಟ್ಟರು. ಹಣ ಬಂದಲ್ಲಿ ಇನ್ನಷ್ಟು ಮಕ್ಕಳು ಬೇಕಾದರು. ಎಲ್ಲ ಮನೆಗಳೂ ಹೀಗೇ ಇದ್ದವೆಂದು ನಾನು ಹೇಳುವುದಿಲ್ಲ. ನಿಜವಾಗಿಯೂ ಯಾರೂ ಇಲ್ಲದ ಮಕ್ಕಳನ್ನು ಮುತುವರ್ಜಿಯಿಂದ ಸಾಕಿದವರು ಅಲ್ಲಿಯೂ ಇದ್ದಾರೆ. ಆದರೆ ಸೇವೆ ಮಾಡಲು ಅನಾಥರು ಬೇಕೆಂದು ದೂರದಿಂದ ಬರುವ ಜನ ಹೆಚ್ಚಿದಷ್ಟೂ, ತಾಯಿ ಇರುವ ಮಗು ಅನಾಥನಾಗುತ್ತ ಹೋಯಿತೆಂಬುದು ಎಷ್ಟು ಕ್ರೂರವಾದ ವ್ಯಂಗ್ಯ!

ಹೈತಿಯಲ್ಲಿ ನಡೆದದ್ದು ಇದಕ್ಕಿಂತಲೂ ಬಿಚ್ಚಾದ ಕಥೆ. 2010ರ ಜನವರಿ 12ರಂದು ಅಲ್ಲಿ ಭೂಕಂಪವಾಯಿತು. ಸತ್ತವರನ್ನು ಲಕ್ಷದ ಲೆಕ್ಕದಲ್ಲಿ ಎಣಿಸಬೇಕಾಯಿತು. ಹದಿನೇಳು ದಿನದ ಮೇಲೆ, ಜನವರಿ 29ರಂದು, ಪಕ್ಕದ ಡೊಮಿನಿಕನ್ ಗಣರಾಜ್ಯದ ಗಡಿಯಲ್ಲಿ ಒಂದು ಬಸ್ಸನ್ನು ತಡೆದರು. ಒಳಗೆ ಹತ್ತು ಮಂದಿ ಅಮೆರಿಕದವರು, ಹೆಚ್ಚಿನವರು ಐಡಾಹೊ ಸಂಸ್ಥಾನದ ಬ್ಯಾಪ್ಟಿಸ್ಟ್ ಚರ್ಚುಗಳಿಗೆ ಸೇರಿದವರು. ಅವರ ಜೊತೆ ಹೈತಿಯ 33 ಮಕ್ಕಳು. ಗಡಿಯಾಚೆ ಸಮುದ್ರತೀರದ ಒಂದು ಹೋಟೆಲಿನಲ್ಲಿ ಅನಾಥಾಲಯ ತೆರೆದು ಇವರನ್ನು ಸಾಕುವುದು ಅವರ ಯೋಜನೆ. ದೇಶ ಬಿಟ್ಟು ಮಕ್ಕಳನ್ನು ಕರೆದೊಯ್ಯಲು ಬೇಕಾದ ಕಾಗದಪತ್ರ ಅವರ ಬಳಿ ಇರಲಿಲ್ಲ. ವಿಚಾರಿಸಿದಾಗ ಮಕ್ಕಳಲ್ಲಿ ಬಹುಮಂದಿಗೆ ತಂದೆತಾಯಿ ಇದ್ದಾರೆಂದು ತಿಳಿಯಿತು. ರಾಜಧಾನಿಯ ಮೇಲಿನ ಬೆಟ್ಟಗಳಲ್ಲಿರುವ ಕಲೆಬಾಸ್ ಎಂಬ ಹಳ್ಳಿಯ ಜನ, ಮನೆ ಬಿದ್ದು ಅನ್ನಕ್ಕೆ ದಾರಿ ಕಾಣದೆ, ಓದಿಸುತ್ತಾರೆ, ಆಡಲು ಬಯಲಿದೆ, ಬೇಕಾದಾಗ ಹೋಗಿ ನೋಡಿ ಬರಬಹುದು ಎಂಬ ಮಾತನ್ನು ನಂಬಿ, ತಮ್ಮ ಕೈಯಿಂದಲೇ ಮಕ್ಕಳನ್ನು ಒಪ್ಪಿಸಿದ್ದರು. ಹತ್ತು ಮಂದಿಯೂ ಸೆರೆಮನೆ ಸೇರಿದರು. ಎಂಟು ಮಂದಿ ಫೆಬ್ರವರಿಯಲ್ಲೇ ಬಿಡುಗಡೆಯಾದರು. ಅಪಹರಣದ ಆಪಾದನೆ ಬಿದ್ದುಹೋಗಿ, ಮುಂದಾಳಿನ ಮೇಲೆ ಅಕ್ರಮವಾಗಿ ಪ್ರಯಾಣ ಏರ್ಪಡಿಸಿದ ತಪ್ಪು ಮಾತ್ರ ಮೇ ತಿಂಗಳಲ್ಲಿ ಸಿದ್ಧವಾಯಿತು. ಅಷ್ಟರಲ್ಲಿ ಕಳೆದಿದ್ದ ಸೆರೆವಾಸವೇ ಶಿಕ್ಷೆಯೆಂದಾಯಿತು.

ಇವರು ಕಳ್ಳರೇ? ನನಗೆ ಹಾಗೆ ತೋರುವುದಿಲ್ಲ. ಆ ಬಸ್ಸಿನಲ್ಲಿದ್ದವರಲ್ಲಿ ಕೆಲವರಾದರೂ ದಾರಿಯುದ್ದಕ್ಕೂ ಮಕ್ಕಳ ಮೂಗು ಒರೆಸುತ್ತ, ಪ್ರಾರ್ಥನೆ ಮಾಡುತ್ತ ಹೋಗುತ್ತಿದ್ದಿರಬೇಕು. ಕಲೆಬಾಸಿನ ಹೊಸ್ತಿಲಲ್ಲಿ ನಿಂತು 'ಬಾ ನನ್ನ ಜೊತೆ' ಎಂದು ಕರೆದ ಅಪರಿಚಿತರು ತಾವೆಂಬುದು ಅವರಿಗೆ ಹೊಳೆಯಲಿಲ್ಲ. ಮಗುವನ್ನು ಇನ್ನೊಂದು ದೇಶಕ್ಕೆ ಒಯ್ಯುವ ಬದಲು, ಆ ಹತ್ತು ಜನರ ವಿಮಾನದ ವೆಚ್ಚವನ್ನು ಆ ಹಳ್ಳಿಯ ತಾಯಂದಿರ ಕೈಗೆ ಕೊಟ್ಟಿದ್ದರೆ ಎಷ್ಟು ಮಕ್ಕಳು ತಮ್ಮ ಮನೆಯಲ್ಲೇ ಉಳಿಯುತ್ತಿದ್ದರು ಎಂಬ ಲೆಕ್ಕವೂ ಹೊಳೆಯಲಿಲ್ಲ. ಹೊಳೆದಿದ್ದರೆ ಅವರು ಊರಿನಲ್ಲೇ ಉಳಿಯಬೇಕಾಗುತ್ತಿತ್ತು. ಅದು ಬಹಳ ಕಷ್ಟ.

'ಸೇವೆ' ಎಂಬ ನಮ್ಮ ಮಾತನ್ನು ಸ್ವಲ್ಪ ಹೊರಳಿಸಿ ನೋಡಿದರೆ ಇಲ್ಲಿ ಪ್ರಯೋಜನವುಂಟು. ದೇವರ ಸೇವೆ, ಗುರುವಿನ ಸೇವೆ, ಒಡೆಯನ ಸೇವೆ ಎನ್ನುತ್ತೇವೆ. ಎಲ್ಲ ಕಡೆಯೂ ಸೇವೆ ಮಾಡುವವನು ಕೆಳಗೆ, ಮಾಡಿಸಿಕೊಳ್ಳುವವನು ಮೇಲೆ. ಏನು ಬೇಕು, ಯಾವಾಗ ಬೇಕು, ಸಾಕೋ ಇನ್ನೂ ಬೇಕೋ ಎಂದು ಹೇಳುವ ಅಧಿಕಾರ ಮಾಡಿಸಿಕೊಳ್ಳುವವನದು. ಸೇವಕ ತಪ್ಪಿದರೆ ಒಡೆಯ ಗದರಿಸಬಹುದು, ಬೇಡವೆಂದು ಕಳಿಸಿಬಿಡಬಹುದು. ಬಡವರ ಸೇವೆ ಎಂದಾಗ ಈ ಅಧಿಕಾರ ಎಲ್ಲಿಗೆ ಹೋಯಿತು? ಯಾವ ಊರು, ಯಾವ ವಾರ, ಏನು ಆಟ, ಯಾವ ಹಾಡು, ಗೋಡೆಗೆ ಯಾವ ಬಣ್ಣ, ಎಲ್ಲವನ್ನೂ ಗೊತ್ತುಮಾಡುವವರು ಬರುವವರು. ದೊಡ್ಡವರಾದರೆ ಬೇಡವೆನ್ನಬಹುದಾಗಿತ್ತು, ಮನೆಯ ಬಾಗಿಲು ಹಾಕಿಕೊಳ್ಳಬಹುದಾಗಿತ್ತು, ಕೊನೆಗೆ ಬೆನ್ನ ಹಿಂದೆ ನಗಬಹುದಾಗಿತ್ತು. ಮಗುವಿಗೆ ಇವಾವುವೂ ಇಲ್ಲ. ಅದರ ಪರವಾಗಿ ಬೇಡವೆನ್ನಬೇಕಾದವಳು ತಾಯಿ. ಅವಳನ್ನೇ ದೂರವಿಟ್ಟು ಆಗಿದೆ. ಯಾರಿಗೆ ಬೇಡವೆನ್ನುವ ಶಕ್ತಿ ಎಲ್ಲರಿಗಿಂತ ಕಡಿಮೆಯೋ ಅವರ ಸೇವೆಯೇ ಎಲ್ಲರಿಗಿಂತ ಹೆಚ್ಚು ಹಿತವಾಗಿ ಕಾಣುವುದೇಕೆ ಎಂದು ನಾನು ಬಹಳ ಸಾರಿ ಯೋಚಿಸಿದ್ದೇನೆ. ಮುದುಕರ ಸೇವೆಗೆಂದು ಇಷ್ಟು ದೂರ ವಿಮಾನ ಹತ್ತಿ ಹೋಗುವವರ ಸಂಖ್ಯೆ ದೊಡ್ಡದಿರಲಾರದು. ಮುದುಕರು ಗೊಣಗುತ್ತಾರೆ.

ಮನೆ ಕಟ್ಟುವಂಥ ಕೆಲಸದಲ್ಲಿ ಹೃದಯದ ಗಾಯದ ಮಾತು ಬರುವುದಿಲ್ಲ, ನಿಜ. ಅಲ್ಲಿ ಬರುವುದು ದುಡ್ಡಿನ ಮಾತು. 1998ರಲ್ಲಿ ಮಿಚ್ ಎಂಬ ಚಂಡಮಾರುತ ಹೊಂಡುರಾಸನ್ನು ಹಾಳುಗೆಡವಿದ ಮೇಲೆ ಉತ್ತರ ಅಮೆರಿಕದ ಚರ್ಚುಗಳಿಂದ ತಂಡ ತಂಡವಾಗಿ ಜನ ಹೋಗಿ ಮನೆಗಳನ್ನು ಕಟ್ಟಿಕೊಟ್ಟರು. ಹೊಂಡುರಾಸಿನಲ್ಲಿಯೇ ನೆಲೆಸಿದ್ದ ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು, ಅವರು ಸ್ವತಃ ಕ್ರೈಸ್ತ ಕಾಲೇಜೊಂದರ ಅಧ್ಯಾಪಕರು, ಕೆಲವು ವರ್ಷಗಳ ಮೇಲೆ ಈ ಮನೆಗಳ ಕಥೆಯನ್ನು ಪರಿಶೀಲಿಸಿ 2006ರಲ್ಲಿ ಪ್ರಕಟಿಸಿದರು. ಹೊರಗಿನವರು ಬಂದು ಕಟ್ಟಿದ ಒಂದು ಮನೆಗೆ, ಅವರ ಪ್ರಯಾಣದ ವೆಚ್ಚವೂ ಸೇರಿ, ಸುಮಾರು 30,000 ಡಾಲರು ತಗುಲಿತ್ತು. ಅಲ್ಲಿಯ ಕ್ರೈಸ್ತ ಸಂಸ್ಥೆಗಳು ಅಂಥದೇ ಮನೆಯನ್ನು ಸುಮಾರು 2,000 ಡಾಲರಿಗೆ ಕಟ್ಟುತ್ತಿದ್ದವು. ಹೋಗಿಬಂದವರ ಬಾಳು ಬದಲಾಗುವುದಾದರೆ ಆ ವ್ಯತ್ಯಾಸವನ್ನು ಅವರ ವಿದ್ಯಾಭ್ಯಾಸದ ಖರ್ಚೆಂದು ಬರೆದುಕೊಳ್ಳಬಹುದಿತ್ತೋ ಏನೋ. ಆದರೆ ಬಂದ ಹೊಸದರಲ್ಲಿ ಅವರು ಹೇಳಿಕೊಂಡ ಬದಲಾವಣೆ ಬಹುಕಾಲ ನಿಂತದ್ದು ಅವರಿಗೆ ಕಾಣಲಿಲ್ಲ.

ನಾನು ಹೊರಗಿನವನಾಗಿ ಸುವಾರ್ತೆಗಳನ್ನು ಓದಿದವನು. ಲೂಕನ ಸುವಾರ್ತೆಯ 10ನೆಯ ಅಧ್ಯಾಯವನ್ನು ಈ ಸಂದರ್ಭದಲ್ಲಿ ಮತ್ತೆ ತೆರೆದು ನೋಡಿದೆ. ಆ ಅಧ್ಯಾಯದ ಮೊದಲಲ್ಲಿ ಏಸು ಎಪ್ಪತ್ತು ಮಂದಿಯನ್ನು ಇಬ್ಬಿಬ್ಬರನ್ನಾಗಿ ಊರೂರಿಗೆ ಕಳಿಸುತ್ತಾನೆ. ಮಿಷನ್ ಯಾತ್ರೆ ಎಂಬುದಕ್ಕೆ ಮೂಲಮಾದರಿ ಅದೇ ಎನ್ನಬೇಕು. ಅವರಿಗೆ ಕೊಟ್ಟ ಕಟ್ಟಳೆ ಏನು? ಹಣದ ಚೀಲ ಬೇಡ, ಬುತ್ತಿ ಬೇಡ, ಕೆರ ಬೇಡ. ಬರಮಾಡಿಕೊಂಡ ಮನೆಯಲ್ಲೇ ಉಳಿಯಬೇಕು, ಮನೆಯಿಂದ ಮನೆಗೆ ಅಲೆಯಬಾರದು, ಬಡಿಸಿದ್ದನ್ನು ಉಣ್ಣಬೇಕು. ರೋಗಿಗಳನ್ನು ಗುಣಪಡಿಸುವ ಕೆಲಸವೂ ಅವರಿಗುಂಟು. ಆದರೆ ಮೊದಲು ಅವರು ಇನ್ನೊಬ್ಬರ ಜಗಲಿಯಲ್ಲಿ ಹಸಿದು ಕುಳಿತ ಅತಿಥಿಗಳು. ಊರಿನವರು ಬಾಗಿಲು ಹಾಕಿದರೆ ಕಾಲಿನ ಧೂಳು ಕೊಡವಿ ಹೊರಡಬೇಕಾದವರು. ಬೇಡವೆನ್ನುವ ಅಧಿಕಾರ ಅಲ್ಲಿ ಸಂಪೂರ್ಣವಾಗಿ ಊರಿನವರ ಕೈಯಲ್ಲಿತ್ತು. ಎರಡೆರಡು ಪೆಟ್ಟಿಗೆ ತುಂಬ ಬಲೂನು ಹೊತ್ತು, ತಮ್ಮ ನೀರನ್ನು ತಾವೇ ತಂದುಕೊಂಡು, ಮುಂಚೆಯೇ ಗೊತ್ತುಮಾಡಿದ ಅಂಗಳದಲ್ಲಿ ಇಳಿಯುವವರಿಗೆ ಈ ಅತಿಥಿತನದ ರುಚಿ ಸಿಕ್ಕುವುದಿಲ್ಲ. ಅತಿಥಿಯಾಗಿ ಬಂದವನು ಬಂದೊಡನೆ ಯಜಮಾನನ ಕೈಯಿಂದ ಸೌಟು ಕಿತ್ತುಕೊಂಡು ತಾನೇ ಬಡಿಸಲು ನಿಂತರೆ ನಮ್ಮ ಹಳ್ಳಿಗಳಲ್ಲಿ ಏನೆನ್ನುತ್ತಾರೋ ನೀವೇ ಬಲ್ಲಿರಿ.

ಇವಾನ್ ಇಲಿಚ್ ಈ ಮಾತನ್ನು ಬಹಳ ಕಟುವಾಗಿ ಆಡಿದವನು. ವಿಯೆನ್ನದಲ್ಲಿ ಹುಟ್ಟಿದ ಕ್ಯಾಥೊಲಿಕ್ ಪಾದ್ರಿ ಆತ. ಲ್ಯಾಟಿನ್ ಅಮೆರಿಕಕ್ಕೆ ಹೊರಟ ಪಾದ್ರಿಗಳಿಗೂ ಸೇವಕರಿಗೂ ಸ್ಪ್ಯಾನಿಷ್ ಕಲಿಸಲೆಂದು 1961ರಲ್ಲಿ ಮೆಕ್ಸಿಕೊದ ಕುವೆರ್ನವಾಕ ಪಟ್ಟಣದಲ್ಲಿ ಕೇಂದ್ರವೊಂದನ್ನು ತೆರೆದಿದ್ದ. ಮೆಕ್ಸಿಕೊದ ಹಳ್ಳಿಗಳಲ್ಲಿ ಬೇಸಿಗೆಯ ಸೇವೆ ಮಾಡಲು ಸಿದ್ಧರಾಗಿದ್ದ ಅಮೆರಿಕದ ವಿದ್ಯಾರ್ಥಿಗಳ ಮುಂದೆ 1968ರ ಏಪ್ರಿಲಿನಲ್ಲಿ ಮಾತನಾಡಿ, ಬರಬೇಡಿ ಎಂದು ಮುಖಕ್ಕೆ ಹೊಡೆದಂತೆ ಹೇಳಿದ. ಭಾಷೆಯೇ ಬಾರದವರಿಗೆ ತಮ್ಮ ಬಗ್ಗೆ ಆ ಜನ ಏನೆಂದುಕೊಳ್ಳುತ್ತಾರೆಂಬುದೂ ತಿಳಿಯಲಾರದು. ನೋಡಲು ಬನ್ನಿ, ಕಲಿಯಲು ಬನ್ನಿ, ಬೆಟ್ಟ ಹತ್ತಿ ಹೂ ನೋಡಿ ಸಂತೋಷಪಡಿ, ಉದ್ಧಾರ ಮಾಡಲು ಮಾತ್ರ ಬರಬೇಡಿ ಎಂಬುದು ಅವನ ಮಾತಿನ ತಾತ್ಪರ್ಯ. ಕೇಳಿದವರಿಗೆ ಎಷ್ಟು ನೊಂದಿತೋ! ನನ್ನ ಮಟ್ಟಿಗೆ ಇಲಿಚ್ ಒಂದು ಹೆಜ್ಜೆ ಹೆಚ್ಚು ಹೋದನೆಂದೇ ತೋರುತ್ತದೆ. ಬರಿಯ ನೋಟಕನಾಗಿ ಬಂದು ಹೂ ನೋಡಿ ಹೋಗುವವನಿಗಿಂತ, ತಪ್ಪಾಗಿಯಾದರೂ ಇನ್ನೊಬ್ಬರ ನೋವಿಗೆ ಮಿಡಿದವಳು ನನಗೆ ಹತ್ತಿರದವಳು. ಆದರೆ ಭಾಷೆಯ ವಿಷಯದಲ್ಲಿ ಅವನ ಮಾತಿಗೆ ಎದುರಿಲ್ಲ.

ಕನ್ನಡ ಪಾಠ ಹೇಳುವವನ ಮೇಜಿನ ಮೇಲೆ ಇದಕ್ಕೊಂದು ಸಾಕ್ಷಿ ಸದಾ ಇರುತ್ತದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಮೋಗ್ಲಿಂಗ್ 1843ರಲ್ಲಿ ಅಲ್ಲಿಂದ ಪತ್ರಿಕೆ ಹೊರಡಿಸಿದರು. ಕಿಟ್ಟೆಲ್ 1853ರಲ್ಲಿ ಬಂದರು. ಅವರ ಕನ್ನಡ ನಿಘಂಟು ಹೊರಬಂದದ್ದು 1894ರಲ್ಲಿ. ಇವರೂ ಪರದೇಶಕ್ಕೆ ಮಿಷನ್ ಕೆಲಸಕ್ಕೆಂದೇ ಬಂದವರು. ಇವರನ್ನು ದೇವತೆಗಳೆಂದು ಕೊಂಡಾಡಲು ಈ ಮಾತು ಎತ್ತಲಿಲ್ಲ. ಮತಾಂತರದಿಂದ ಮನೆಮುರಿದ ಕಥೆಗಳು ಅಲ್ಲಿಯೂ ಇವೆ. 1844ರಲ್ಲಿ ಆನಂದರಾವ್ ಕೌಂಡಿನ್ಯ ಕ್ರೈಸ್ತನಾದಾಗ ಮಂಗಳೂರಿನಲ್ಲಿ ಎದ್ದ ಗದ್ದಲ ಸಣ್ಣದಲ್ಲ. ಆದರೆ ಆ ಗದ್ದಲವನ್ನು ಅವರು ಎದುರಿಸಬೇಕಾಯಿತು. ಊರಿನವರು ಅವರ ಮುಖಕ್ಕೆ ಮುಖ ಕೊಟ್ಟು, ತಮ್ಮ ಮಾತಿನಲ್ಲೇ ಬೈಯಬಹುದಾಗಿತ್ತು. ಬೈದದ್ದು ಅವರಿಗೆ ಅರ್ಥವಾಗುತ್ತಿತ್ತು. ಮರುದಿನವೂ ಅದೇ ಬೀದಿಯಲ್ಲಿ ಅವರು ನಡೆದುಹೋಗಬೇಕಾಗಿತ್ತು. ಜಗಳವಾಡಿ ಮುಗಿಸುವಷ್ಟು ಕಾಲ ಅವರು ಇಲ್ಲಿದ್ದರು. ಹತ್ತು ದಿನದವರೊಡನೆ ಜಗಳವಾಡುವುದು ಯಾರಿಗೂ ಸಾಧ್ಯವಿಲ್ಲ. ಅವರ ಹೆಸರು ಬಾಯಿಗೆ ಬರುವ ಹೊತ್ತಿಗೆ ಅವರ ವಿಮಾನ ಹೊರಟಿರುತ್ತದೆ.

ಹಾಗಾದರೆ ದೂರದ ನೋವಿಗೆ ಕಿವುಡಾಗಿ ಕುಳಿತುಬಿಡಬೇಕೇ? ಆ ಕಾರು ತೊಳೆದ ಹುಡುಗಿ ಕೇಳಿದರೆ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ. ಲೂಕನ ಅದೇ ಅಧ್ಯಾಯದ ನಡುವಿನಲ್ಲಿ ಒಳ್ಳೆಯ ಸಮಾರ್ಯದವನ ಕಥೆ ಬರುತ್ತದೆ. ಕಳ್ಳರು ಹೊಡೆದು ಕೆಡಹಿದವನನ್ನು ಪುರೋಹಿತ ಕಂಡೂ ಕಾಣದಂತೆ ಹೋದ. ಪರಕೀಯನಾದ ಸಮಾರ್ಯದವನು ನಿಂತ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಮುಂದಿನ ಭಾಗದ ಮೇಲೆ ಜನ ಅಷ್ಟಾಗಿ ನಿಲ್ಲುವುದಿಲ್ಲ. ಅವನು ಗಾಯಾಳುಗಳನ್ನು ಹುಡುಕಿಕೊಂಡು ಹೊರಟವನಲ್ಲ. ತನ್ನ ಕೆಲಸದ ಮೇಲೆ ಹೋಗುತ್ತಿದ್ದವನು. ದಾರಿಯಲ್ಲಿ ಕಂಡದ್ದಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ. ತನ್ನ ವಾಹನದ ಮೇಲೆ ಕೂರಿಸಿ ಛತ್ರಕ್ಕೆ ತಂದ. ಒಂದು ರಾತ್ರಿ ಜೊತೆಗಿದ್ದ. ಬೆಳಗಾದ ಮೇಲೆ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ನೋಡಿಕೋ, ಹೆಚ್ಚು ಖರ್ಚಾದರೆ ಹಿಂದಿರುಗಿ ಬಂದಾಗ ಕೊಡುತ್ತೇನೆ ಎಂದು ಹೊರಟುಹೋದ. ಗಾಯ ಮಾಯುವ ವಾರಗಟ್ಟಲೆ ಕೆಲಸ, ಗಂಜಿ ಕಾಯಿಸುವುದು, ಬಟ್ಟೆ ಬದಲಿಸುವುದು, ರಾತ್ರಿ ನರಳಿದರೆ ಎದ್ದು ನೋಡುವುದು, ಛತ್ರದವನ ಪಾಲಿಗೆ ಬಂತು. ಅವನ ಹೆಸರಿನಲ್ಲಿ ಯಾವ ಆಸ್ಪತ್ರೆಯೂ ಇದ್ದಂತಿಲ್ಲ. ಸಮಾರ್ಯದವನ ದೊಡ್ಡತನದಲ್ಲಿ ಅರ್ಧ, ಅವನು ಛತ್ರದವನನ್ನು ನಂಬಿದ್ದರಲ್ಲಿದೆ ಎಂದು ನನಗೆ ತೋರುತ್ತದೆ. ಇದನ್ನೆಲ್ಲ ನಾನೇ ನನ್ನ ಕೈಯಾರೆ ಮಾಡುತ್ತೇನೆ ಎಂದು ಅವನು ಹಟ ಹಿಡಿಯಲಿಲ್ಲ.

ಸಿಯೆಂ ರೀಪಿನ ಸುತ್ತಲ ಹಳ್ಳಿಗಳಲ್ಲೂ ಕಲೆಬಾಸಿನ ಬೆಟ್ಟಗಳಲ್ಲೂ ಇಂಥ ಛತ್ರದವರು ಇದ್ದಾರೆ. ಮಗಳು ದೂರದ ಕಾರ್ಖಾನೆಗೆ ದುಡಿಯಲು ಹೋದರೆ ಮೊಮ್ಮಗನನ್ನು ಸಾಕುವ ಅಜ್ಜಿ, ಅಣ್ಣನ ಮಕ್ಕಳನ್ನು ತನ್ನ ಮಕ್ಕಳ ಜೊತೆ ಸೇರಿಸಿಕೊಂಡ ಅತ್ತೆ, ಅಕ್ಷರ ಕಲಿಸುವ ಮೇಷ್ಟರು, ಹಳ್ಳಿಯ ದಾದಿ. 2017ರಲ್ಲಿ ಆಸ್ಟ್ರೇಲಿಯದ ಸಂಸತ್ತಿನ ಸಮಿತಿಯೊಂದು, ಹಣಕ್ಕಾಗಿ ಮಕ್ಕಳನ್ನು ಅನಾಥಾಲಯಗಳಿಗೆ ಸಾಗಿಸುವುದನ್ನು ಆಧುನಿಕ ಗುಲಾಮಗಿರಿಯ ಸಾಲಿನಲ್ಲಿಟ್ಟು ನೋಡಿತು. 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯ ನಿರ್ಣಯವೂ ಅನಾಥಾಲಯದ ಸೇವಾಯಾತ್ರೆಗಳಿಂದಾಗುವ ಕೇಡನ್ನು ಹೆಸರಿಸಿತು. ಅನಾಥಾಲಯಕ್ಕೆ ಕೊಡುತ್ತಿದ್ದ ಹಣವನ್ನು ಮಕ್ಕಳನ್ನು ಮನೆಗೆ ಸೇರಿಸುವ ಕೆಲಸದ ಕಡೆಗೆ ತಿರುಗಿಸಿದ ಕ್ರೈಸ್ತ ಸಂಸ್ಥೆಗಳೂ ಈಗ ಕಾಣುತ್ತಿವೆ. ಅಜ್ಜಿಗೆ ತಿಂಗಳಿಗಿಷ್ಟು ಅಕ್ಕಿ, ಅತ್ತೆಗೊಂದು ಹೊಲಿಗೆಯಂತ್ರ, ಮಗುವಿಗೆ ಶಾಲೆಯ ಸಮವಸ್ತ್ರ, ಆರು ತಿಂಗಳಿಗೊಮ್ಮೆ ಹೋಗಿ ನೋಡಿ ಬರಲು ಆ ಊರಿನ ಭಾಷೆ ಬಲ್ಲ ಒಬ್ಬ ಹೆಂಗಸು. ಈ ಕೆಲಸದಲ್ಲಿ ಹತ್ತು ದಿನ ಬಂದು ನಿಲ್ಲಲು ಜಾಗವಿಲ್ಲ. ಚಿತ್ರ ತೆಗೆಸಿಕೊಳ್ಳಲು ಅಂಗಳವಿಲ್ಲ. ಹಣ ಕಳಿಸಿದವರ ಮುಖವನ್ನು ಆ ಮಗು ನೋಡದೆಯೂ ಹೋಗಬಹುದು.

ಹೋಗಿಯೇ ತೀರಬೇಕೆಂದು ಹಂಬಲಿಸುವ ಹುಡುಗಿಗೆ ಇಷ್ಟು ಹೇಳಬಹುದು. ಖಮೇರ್ ಭಾಷೆಯ ಲಿಪಿಯಲ್ಲಿ ವ್ಯಂಜನಗಳೇ ಮೂವತ್ತಮೂರು. ಪಲ್ಲವರ ಕಾಲದ ಲಿಪಿಯಿಂದ ಬೆಳೆದದ್ದಾದ್ದರಿಂದ, ನಮ್ಮ ಕಾಗುಣಿತದಂತೆಯೇ ಕ-ಕಾರದಿಂದ ಮೊದಲಾಗುತ್ತವೆ. ಒಂದೆರಡು ವರ್ಷ ಬಿಡುವು ಮಾಡಿಕೊಂಡು, ಹಳ್ಳಿಯ ಒಂದು ಮನೆಯಲ್ಲಿ ಬಾಡಿಗೆ ಕೊಟ್ಟು ಇದ್ದು, ಅವರು ಬಡಿಸಿದ್ದನ್ನು ಉಂಡು, ಅದನ್ನು ಕಲಿಯಬಹುದು. ಅಲ್ಲಿಯ ಮಕ್ಕಳು ಒಂದನೆಯ ತರಗತಿಯಲ್ಲೇ ಅದನ್ನು ಕಲಿಯುತ್ತಾರೆ. ಬಾರದ ದೊಡ್ಡವಳೊಬ್ಬಳಿಗೆ ಹೇಳಿಕೊಡುವುದೆಂದರೆ ಅವರಿಗೆ ಸಂತೋಷವೇ ಆಗಬಹುದು.